ಮಷೀನು ನಿಂತಾಗ ಕೇಳುವ ಪ್ರಶ್ನೆ

ಬೆರಳಚ್ಚು ಕಲಿಸಿದ ಮೇಡಂ ಮೊದಲ ದಿನವೇ ಹೇಳಿದ್ದರು: "ಕಣ್ಣು ಕಾಗದದ ಮೇಲೆ, ಬೆರಳು ಕೀಲಿ ಮೇಲೆ. ಮನಸ್ಸನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ." ಅರ್ಥ ಮಾಡಿಕೊಳ್ಳುತ್ತ ಕೂತರೆ ಬೆರಳು ತಡವರಿಸುತ್ತದೆ, ತಡವರಿಸಿದರೆ ತಪ್ಪು ಬೀಳುತ್ತದೆ ಎಂಬುದು ಅವರ ವಾದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ನನ್ನ ಹುಟ್ಟುಗುಣ. ಹದಿನೆಂಟು ವರ್ಷ ಒಬ್ಬರೇ ವಕೀಲರ ಕಚೇರಿಯಲ್ಲಿ, ಕಿಟಕಿ ಪಕ್ಕದ ಅದೇ ಮೇಜಿನಲ್ಲಿ, ಮೊದಲು ಟೈಪ್‌ರೈಟರ್ ಮುಂದೆ, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಕೊಲೆ, ವಿಚ್ಛೇದನ, ಆಸ್ತಿ ಪಾಲು, ಜಾಮೀನು ಎಲ್ಲವನ್ನೂ ಕಣ್ಣಿನಿಂದ ಬೆರಳಿಗೆ ದಾಟಿಸಿದ್ದೇನೆ. ನಡುವೆ ಇರುವ ತಲೆಗೆ ಒಂದು ದಿನವೂ ತೊಂದರೆ ಕೊಟ್ಟವಳಲ್ಲ. ಕೋರ್ಟಿನ ಸುತ್ತಮುತ್ತ ನನ್ನ ವೇಗಕ್ಕೆ ಸರಿಸಾಟಿ ಯಾರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ.

ಆದರೆ ನಾನು ಬರೆಯಲು ಕೂತದ್ದು ನನ್ನ ಬಗ್ಗೆ ಅಲ್ಲ, ನನ್ನ ಅತ್ತೆಯ ಬಗ್ಗೆ. ನನ್ನ ಗಂಡನ ತಾಯಿ. ಕೋರ್ಟಿನ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವರ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವರದೊಂದು ಹೊಲಿಗೆ ಅಂಗಡಿ. ನಾಲ್ಕು ಹೆಜ್ಜೆ ಅಗಲ, ಆರು ಹೆಜ್ಜೆ ಉದ್ದ. ಹೊಸ ಬಟ್ಟೆ ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಉದ್ದವಾದದ್ದರ ಅಂಚು ಮಡಚುವುದು, ಇಷ್ಟೇ ಕೆಲಸ. ಗೋಡೆಯ ಮೊಳೆಗಳಲ್ಲಿ ವಕೀಲರ ಕರಿ ಕೋಟುಗಳು ಸಾಲಾಗಿ ನೇತಾಡುತ್ತಿರುತ್ತವೆ. ಕೆಲಸ ಮಾಡುವಾಗ ಅತ್ತೆ ಗುಂಡುಸೂಜಿಗಳನ್ನು ತುಟಿಯ ನಡುವೆ ಇಟ್ಟುಕೊಂಡಿರುತ್ತಾರೆ, ಆದ್ದರಿಂದ ಮಾತು ಕಡಿಮೆ. ಅವರು ಬಾಯಿಂದ ಸೂಜಿ ತೆಗೆದರೆಂದರೆ ಎದುರಿಗಿದ್ದವರು ಹುಷಾರಾಗಬೇಕು. ಓದಿದ್ದು ಐದನೇ ಕ್ಲಾಸು. ಈಗಲೂ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ಜಗಿದು ಓದುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ದೇವರು ಅದನ್ನು ಬರೆದಿಟ್ಟುಕೊಂಡಿದ್ದ ಅಂತ ಕಾಣುತ್ತದೆ.

ಮೂರು ವರ್ಷದ ಹಿಂದೆ ಒಂದು ಸಂಜೆ ಕೆಲಸ ಮುಗಿಸಿ ಅಂಗಡಿಗೆ ಹೋದರೆ ಅತ್ತೆ ಸುಮ್ಮನೆ ಕೂತಿದ್ದರು. ಮಷೀನು ನಿಂತಿತ್ತು. ಬಾಯಲ್ಲಿ ಸೂಜಿ ಇರಲಿಲ್ಲ. 

"ಇದನ್ನ ಓದು" ಎಂದು ಒಂದು ಕಾಗದ ಕೊಟ್ಟರು.

ಅದೊಂದು ನೋಟಿಸು. ನಮ್ಮದೇ ಕಚೇರಿಯ ಕಾಗದ, ನಮ್ಮ ಸಾರ್ ಸಹಿ. ನಾನು ಗಟ್ಟಿಯಾಗಿ, ಎಲ್ಲೂ ತಡವರಿಸದೆ, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಓದಿ ಮುಗಿಸಿದೆ.

"ಚೆನ್ನಾಗ್ ಓದ್ದೆ. ಅಂದ್ರೆ ಏನು?"

"ಅಂದ್ರೆ... ಸದರಿ ಮಳಿಗೆಯನ್ನು ಈ ನೋಟಿಸು ತಲುಪಿದ ಹದಿನೈದು ದಿನಗಳೊಳಗೆ..."

"ಅದು ಕಾಗದದ ಮಾತು. ಅಂದ್ರೆ ಏನು ಅಂತ ನಿನ್ನ ಕೇಳ್ತಿದೀನಿ."

ಮೂರನೇ ಸಲ ಓದಿದಾಗ ತಲೆಗೆ ಹೋಯಿತು. ಅಂಗಡಿ ಖಾಲಿ ಮಾಡಿ ಎಂದು ಬರೆದಿತ್ತು. ಇದೇ ಅಂಗಡಿಯನ್ನು, ನಾನು ನಿಂತಿದ್ದ ಈ ಅಂಗಡಿಯನ್ನು. ಅತ್ತೆಯ ಬೆರಳು ನಿಧಾನವಾಗಿ ಕಾಗದದ ಕೆಳಗೆ, ಎಡ ಮೂಲೆಗೆ ಹೋಯಿತು. ನಮ್ಮ ಕಚೇರಿಯಲ್ಲಿ ಒಂದು ರೂಢಿ. ಯಾರು ಬೆರಳಚ್ಚು ಮಾಡಿದರು ಎಂದು ತಿಳಿಯಲು ಪ್ರತಿ ಕಾಗದದ ಎಡ ಮೂಲೆಯಲ್ಲಿ ಅವರ ಹೆಸರಿನ ಎರಡಕ್ಷರ ಹಾಕುತ್ತೇವೆ.

"ಇದು ನೀನೇ ಅಲ್ವಾ?"

ನಾನೇ. ನಾಲ್ಕು ದಿನದ ಹಿಂದೆ ನಾನೇ ಅದನ್ನು ಟೈಪ್ ಮಾಡಿ, ಮಡಚಿ, ಲಕೋಟೆಗೆ ಹಾಕಿ, ಅದರ ಮೇಲೆ ನನ್ನ ಸ್ವಂತ ಅತ್ತೆಯ ಹೆಸರು, ವಿಳಾಸ ಮುದ್ರಿಸಿ ಅಂಚೆಗೆ ಕೊಟ್ಟು ಬಂದಿದ್ದೆ. ಅವತ್ತು ಸಂಜೆ ಇದೇ ಸ್ಟೂಲಿನ ಮೇಲೆ ಕೂತು ಅವರ ಜೊತೆ ಟೀ ಕುಡಿದು ಹರಟೆ ಹೊಡೆದಿದ್ದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ಬೀದಿಗೆ ಕೇಳುವ ಹಾಗೆ ಕೂಗಾಡುತ್ತಿದ್ದರು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಜೊತೆಗೇ ಕಚೇರಿಗೆ ಬಂದು, ಸಾರ್ ಮೇಜಿನ ಮೇಲೆ ನೋಟಿಸು ಇಟ್ಟರು.

"ಇದನ್ನ ನನ್ನ ಸೊಸೆ ಓದದೆ ಟೈಪ್ ಮಾಡಿದ್ಲು. ನೀವು ಓದಿ ಸಹಿ ಹಾಕಿದ್ರಾ?"

ಸಾರ್ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು. ಅವರದೊಂದು ದೊಡ್ಡ ಗುಣವೆಂದರೆ ಸಿಕ್ಕಿಬಿದ್ದಾಗ ಕತೆ ಕಟ್ಟುವುದಿಲ್ಲ. "ಇಲ್ಲಮ್ಮ, ಓದಿರ್ಲಿಲ್ಲ" ಎಂದರು. ಅಂಗಡಿ ಮಾಲೀಕರ ಪರವಾಗಿ ಯಾರೋ ಜೂನಿಯರ್ ಬರೆದದ್ದಕ್ಕೆ ಕಣ್ಣು ಮುಚ್ಚಿ ಸಹಿ ಮಾಡಿದ್ದರು. ಅತ್ತೆಯ ಬಾಡಿಗೆ ಕರಾರಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು, ಆ ನೋಟಿಸಿಗೆ ನಿಲ್ಲಲು ಕಾಲೇ ಇರಲಿಲ್ಲ. ಅವತ್ತೇ ಹಿಂದಕ್ಕೆ ತೆಗೆದುಕೊಂಡರು. ಅಂಗಡಿ ಉಳಿಯಿತು, ಆಮೇಲೆ ಕರಾರೂ ಮುಂದುವರಿಯಿತು. ಅಂದಿನಿಂದ ಸಾರ್ ಓದದೆ ಒಂದು ಚೀಟಿಗೂ ಸಹಿ ಹಾಕುವುದಿಲ್ಲ.

ಮೆಟ್ಟಿಲು ಇಳಿಯುವಾಗ ಅತ್ತೆ ಹೇಳಿದರು: "ನೀನು ಲಾ ಓದು."

"ನಂಗೆ ಮೂವತ್ತೇಳು ಅತ್ತೆ!"

"ವಯಸ್ಸು ಕೇಳಿದ್ನಾ ನಾನು? ಹದಿನೈದು ವರ್ಷ ನಿನ್ನ ಕೈಯಿಂದ ಎಷ್ಟ್ ಜನರ ಮನೆ ಅಂಗಡಿ ಹೋಗಿದೆಯೋ, ಬಂದಿದೆಯೋ. ಒಂದಾದ್ರೂ ನಿಂಗ್ ಗೊತ್ತಾ?"

ಗೊತ್ತಿರಲಿಲ್ಲ. ಅದೇ ನನ್ನನ್ನು ಚುಚ್ಚಿದ್ದು. ಡಿಗ್ರಿ ಇದ್ದದ್ದರಿಂದ ಸಂಜೆ ಕಾನೂನು ಕಾಲೇಜಿಗೆ ಸೇರಬಹುದಿತ್ತು. ಅದಕ್ಕೊಂದು ಪ್ರವೇಶ ಪರೀಕ್ಷೆ, ವರ್ಷಕ್ಕೆ ಒಂದೇ ಸಲ. ಒಬ್ಬರಿಗೆ ಮೂರೇ ಅವಕಾಶ.

ಮೊದಲ ಸಲ ಇಡೀ ಹಾಲಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿ ಎದ್ದವಳು ನಾನು. ಉಳಿದವರೆಲ್ಲ ತಲೆ ಎತ್ತಿ ನೋಡಿದರು. ಎಷ್ಟು ಜಂಬದಿಂದ ನಡೆದು ಹೊರಗೆ ಬಂದೆನೆಂದರೆ ಈಗ ನೆನೆಸಿಕೊಂಡರೆ ಮೈಯೆಲ್ಲ ಚುರುಗುಟ್ಟುತ್ತದೆ. ಜೇನುಹುಳುಗಳ ಬಗ್ಗೆ ಎರಡು ಪುಟ ಕೊಟ್ಟಿದ್ದರು. ಎರಡನೇ ಪುಟದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದು ನನಗೆ ತಟ್ಟನೆ ಕಂಡಿತ್ತು. ಹುಳುಗಳು ಏನು ಮಾಡಿದವು ಎಂದು ಮಾತ್ರ ಕೇಳಬೇಡಿ. ಓದಿ ಅರ್ಥ ಮಾಡಿಕೊಳ್ಳುವ ಆ ಭಾಗದಲ್ಲಿ ನನಗೆ ಬಂದ ಅಂಕವನ್ನು ನನ್ನ ಗಂಡನಿಗೂ ಹೇಳಿಲ್ಲ. ಎರಡನೇ ವರ್ಷ ನಿಧಾನವಾಗಿ ಓದಿದೆ, ಆದರೂ ಅದೇ ಭಾಗದಲ್ಲಿ ಕೂದಲೆಳೆಯಲ್ಲಿ ತಪ್ಪಿತು. ಉಳಿದದ್ದು ಒಂದೇ ಅವಕಾಶ. ಅದೂ ಹೋದರೆ ಆ ಬಾಗಿಲು ಮುಚ್ಚಿತು, ಮತ್ತೆ ಕಿಟಕಿ ಪಕ್ಕದ ಮೇಜು, ಓದದೆ ದಾಟಿಸುವ ಕೆಲಸ.

"ನನ್ನ ಕೈಲಿ ಆಗಲ್ಲ" ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಅತ್ತೆ ಸೂಜಿ ತೆಗೆದರು.

"ನಾಳೆಯಿಂದ ಕೆಲಸ ಮುಗಿಸ್ಕೊಂಡು ಇಲ್ಲೇ ಬಾ. ಪುಸ್ತಕ ತಗೊಂಡ್ ಬಾ. ನೀನು ಓದು, ನಾನು ಹೊಲೀತೀನಿ."

ಹೀಗೆ ಶುರುವಾಯಿತು ನಮ್ಮ ಪಾಠ. ದಿನವೂ ಸಂಜೆ ಐದೂವರೆಗೆ ಗಿರಾಕಿಗಳ ಸ್ಟೂಲಿನ ಮೇಲೆ ನಾನು, ಮಷೀನಿನ ಮುಂದೆ ಅತ್ತೆ. ನಾನು ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ಭಾಗ ಗಟ್ಟಿಯಾಗಿ ಓದುವುದು, ಮಷೀನು ಗಡಗಡ ಓಡುವುದು. ಓದಿ ಮುಗಿದ ಕೂಡಲೇ ಮಷೀನು ನಿಲ್ಲುತ್ತಿತ್ತು. "ಅಂದ್ರೆ?" ಎನ್ನುತ್ತಿದ್ದರು. ನಾನು ಕಾಗದದಲ್ಲಿದ್ದ ಪದಗಳನ್ನೇ ತಿರುಗಿಸಿ ಒಪ್ಪಿಸಿದರೆ ಅವರ ತಲೆ ಅಡ್ಡಡ್ಡ ಆಡುತ್ತಿತ್ತು. ಮತ್ತೆ ಓದಬೇಕು. ನನ್ನ ಮಾತಿನಲ್ಲಿ ಹೇಳುವ ತನಕ ಮಷೀನು ಮುಂದಕ್ಕೆ ಓಡುತ್ತಿರಲಿಲ್ಲ. ಯಾರದೋ ಪ್ಯಾಂಟಿನ ಕಾಲು ಅರ್ಧಕ್ಕೆ ನಿಂತಿರುತ್ತಿತ್ತು, ಅದರ ಯಜಮಾನರು ಬಾಗಿಲಲ್ಲಿ ಕಾಯುತ್ತ ನಿಂತಿರುತ್ತಿದ್ದರು. "ಬೇಗ ಹೇಳಮ್ಮ, ನಂಗೆ ಮನೆಗ್ ಹೋಗ್ಬೇಕು" ಎಂದು ಒಬ್ಬರು ನನಗೆ ಕೈ ಮುಗಿದದ್ದೂ ಉಂಟು.

ತರ್ಕದ ಪ್ರಶ್ನೆಗಳಲ್ಲಂತೂ ಅತ್ತೆ ನನಗಿಂತ ಚುರುಕು. ಒಂದು ದಿನ ಓದಿದೆ: ಒಂದು ಊರಿನಲ್ಲಿ ಕೊಡೆ ಹೆಚ್ಚು ಮಾರಾಟವಾದ ತಿಂಗಳಲ್ಲಿ ನೆಗಡಿಯೂ ಹೆಚ್ಚಾಯಿತು, ಆದ್ದರಿಂದ ನೆಗಡಿಗೆ ಕೊಡೆಯೇ ಕಾರಣ. ಈ ವಾದದಲ್ಲಿ ದೋಷವೇನು? ನಾನು ನಾಲ್ಕು ಉತ್ತರಗಳ ನಡುವೆ ಒದ್ದಾಡುತ್ತಿದ್ದರೆ ಅತ್ತೆ ನಗು ತಡೆಯಲಾರದೆ ಸೂಜಿಗಳನ್ನೆಲ್ಲ ಮಡಿಲಿಗೆ ಉಗುಳಿಕೊಂಡರು.

"ಹಾಗಾದ್ರೆ ನನ್ನ ಅಂಗಡಿಗೆ ಬರೋರೆಲ್ಲ ದಪ್ಪ ಆಗ್ತಿದಾರಲ್ಲ, ಅದಕ್ಕೆ ನನ್ನ ಮಷೀನೇ ಕಾರಣ ಅಂತಾನಾ ಅವ್ನು?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಆ ಬಗೆಯ ಪ್ರಶ್ನೆಯಲ್ಲಿ ನಾನು ತಪ್ಪಿದ್ದೇ ಇಲ್ಲ.

ನನಗೆ ಕಬ್ಬಿಣದ ಕಡಲೆಯಾಗಿದ್ದು ಇನ್ನೊಂದು ಬಗೆ. ಲೇಖಕರು ನೇರವಾಗಿ ಹೇಳದಿದ್ದರೂ ಈ ಮಾತುಗಳಿಂದ ಏನು ತಿಳಿಯುತ್ತದೆ, ಎಂದು ಕೇಳುತ್ತಾರಲ್ಲ, ಅದು. ನನಗೆ ರೇಗಿಹೋಗುತ್ತಿತ್ತು. "ಬರೆದೇ ಇಲ್ಲದ್ದನ್ನ ಹೇಗತ್ತೆ ಓದೋದು? ಹೇಳೋದಿದ್ರೆ ನೆಟ್ಟಗೆ ಹೇಳ್ಬೇಕಪ್ಪ!" ಎಂದು ಪುಸ್ತಕ ಮುಚ್ಚಿ ಎದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, ಒಂದು ಗಂಡಸಿನ ಅಂಗಿ ಕೊಟ್ಟು, ಇದನ್ನು ನನ್ನ ಅಳತೆಗೆ ಚಿಕ್ಕದು ಮಾಡಿ ಕೊಡಿ, ಜೇಬು ಮಾತ್ರ ಹಾಗೇ ಇರಲಿ ಎಂದರು. ಅತ್ತೆ ಏನೂ ಕೇಳದೆ, ಎಂದಿಗಿಂತ ಮೆತ್ತಗೆ ಅಳತೆ ತೆಗೆದುಕೊಂಡು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನ್ ಹೇಳಿದ್ರು ಅವ್ರು?"

"ಅಂಗಿ ಚಿಕ್ಕದು ಮಾಡಿ ಅಂದ್ರು."

"ಅಷ್ಟೇನಾ?"

ನಾನು ಆ ಅಂಗಿಯನ್ನು ನೋಡಿದೆ. ಕಾಲರ್ ಸವೆದಿತ್ತು. ಜೇಬಿನ ಮೇಲೆ ಹಳೆಯ ಶಾಯಿಯ ಕಲೆ ಇತ್ತು. ಆ ಅಂಗಿ ತೊಡುತ್ತಿದ್ದವರು ಇನ್ನಿಲ್ಲ ಎಂದು ಆಗ ಹೊಳೆಯಿತು. ಸ್ಟೂಲಿನ ಮೇಲೆ ಮತ್ತೆ ಕೂತೆ, ಪುಸ್ತಕ ತೆರೆದೆ.

ಇನ್ನು ಅರ್ಜಿಯ ಗೋಳು ಕೇಳಿ, ಆ ವರ್ಷ ಹೊಸದಾಗಿ ಎರಡು ಕಾಗದ ಸೇರಿಸಿದ್ದರು. ಕಾನೂನು ಯಾಕೆ ಓದಬೇಕೆಂದಿದ್ದೀರಿ, ನಿಮ್ಮದೇ ಮಾತುಗಳಲ್ಲಿ ಒಂದು ಪುಟ ಬರೆಯಿರಿ ಎಂದಿದ್ದರು. ಅದೇನು ಮಹಾ, ದಿನಕ್ಕೆ ಮೂವತ್ತು ಪುಟ ಹೊಡೆಯುವವಳು ನಾನು. ಅರ್ಧ ಗಂಟೆಯಲ್ಲಿ ಮುಗಿಸಿ ಅತ್ತೆಯ ಕೈಗೆ ಕೊಟ್ಟೆ. ಅವರು ಬೆರಳಿಟ್ಟು ಓದಿದರು: 'ಸದರಿ ಅರ್ಜಿದಾರಳು ತಮ್ಮಲ್ಲಿ ಈ ಕೆಳಕಂಡಂತೆ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ...'

"ಯಾರೇ ಇವ್ಳು?"

"ನಾನೇ ಅತ್ತೆ."

"ನೀನು ಯಾವತ್ತು ಸವಿನಯ ಆಗಿದ್ದೆ?"

ಏಳು ಸಲ ಬರೆದೆ. ಏಳನೆಯದರಲ್ಲಿ ನೋಟಿಸಿನ ಕತೆಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಆಗ ಒಪ್ಪಿದರು.

ಆಮೇಲೆ ಶಿಫಾರಸು ಪತ್ರ. ನಿಮ್ಮನ್ನು ಐದು ವರ್ಷಕ್ಕಿಂತ ಹೆಚ್ಚು ಬಲ್ಲವರಿಂದ ಒಂದು ಪತ್ರ, ಆದರೆ ಬಂಧುಗಳು ಕೊಡುವಂತಿಲ್ಲ ಎಂಬ ನಿಯಮ. ಅದನ್ನು ಓದಿ ಹೇಳಿದಾಗ ಅತ್ತೆಗೆ ನಿಜವಾಗಿ ಕೋಪ ಬಂತು. "ನನಗಿಂತ ಜಾಸ್ತಿ ನಿನ್ನ ಯಾರಿಗ್ ಗೊತ್ತಂತೆ? ನೀನು ಯಾವ ಪ್ರಶ್ನೇಲಿ ಎಲ್ಲಿ ಎಡವ್ತೀಯ ಅಂತ ಅವ್ರ ಪ್ರಿನ್ಸಿಪಾಲ್‌ಗೆ ಗೊತ್ತಾ?" ಎಂದು ಅರ್ಧ ಗಂಟೆ ಗೊಣಗಿದರು. ಆ ದಿನ ಮಷೀನು ಸಹ ಸಿಟ್ಟಿನಿಂದಲೇ ಓಡಿತು.

ಸಾರ್ ಅವರನ್ನು ಕೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ, "ನೀವೇ ಟೈಪ್ ಮಾಡ್ಕೊಂಡ್ ಬನ್ನಿ ಅಮ್ಮ, ಸಹಿ ಹಾಕ್ತೀನಿ" ಎಂದರು. ಅವರದೇನೂ ತಪ್ಪಿಲ್ಲ, ನಮ್ಮಲ್ಲಿ ಎಲ್ಲ ಪತ್ರಗಳೂ ಹಾಗೆಯೇ ಆಗುವುದು. ಯಾರ್ಯಾರದೋ ಮಕ್ಕಳಿಗೆ 'ಅಸಾಧಾರಣ ಪ್ರತಿಭೆ' ಎಂದು ನಾನೇ ಎಷ್ಟು ಸಲ ಹೊಡೆದಿದ್ದೇನೋ. ನನ್ನ ಸರದಿ ಬಂದಾಗ ಬೆರಳು ಏಳಲಿಲ್ಲ. ಸ್ವಂತ ಬೆನ್ನನ್ನು ಹೇಗೆ ತಟ್ಟಿಕೊಳ್ಳುವುದು? ಕೊನೆಗೆ ಮೂರು ಸಾಲು ಬರೆದೆ: ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ, ಸಮಯಕ್ಕೆ ಸರಿಯಾಗಿ ಬರುತ್ತಾರೆ, ವೇಗವಾಗಿ ಬೆರಳಚ್ಚು ಮಾಡುತ್ತಾರೆ.

ಸಾರ್ ಪೆನ್ನು ತೆಗೆದರು. ಆದರೆ ಈಗ ಅವರು ಓದದೆ ಸಹಿ ಹಾಕುವವರಲ್ಲವಲ್ಲ. ಓದಿದರು. ನನ್ನ ಮುಖ ನೋಡಿದರು. ಕಾಗದವನ್ನು ಮಡಚಿ ಮೇಜಿನ ಡ್ರಾಯರಿಗೆ ಹಾಕಿ, "ಇರ್ಲಿ, ನೋಡೋಣ" ಎಂದರು.

ಅರ್ಜಿ ಕೊಡಲು ಶುಕ್ರವಾರ ಕೊನೆಯ ದಿನ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಕೇಳಲು ಬಾಯಿ ಬರಲಿಲ್ಲ. ಬುಧವಾರ ಮಧ್ಯಾಹ್ನ ಅವರು ಕೋಟು ತೋಳಿಗೆ ಹಾಕಿಕೊಂಡು ಎದ್ದು, "ಕೋಟು ಬಿಗಿಯಾಗಿದೆ, ನಿಮ್ಮ ಅತ್ತೆ ಹತ್ರ ಅಳತೆ ಕೊಟ್ಟು ಬರ್ತೀನಿ" ಎಂದು ಹೊರಟರು. ಯಾವಾಗಲೂ ಕೋಟನ್ನು ನನ್ನ ಕೈಲೇ ಕಳಿಸುತ್ತಿದ್ದವರು! ಒಂದೂವರೆ ಗಂಟೆಯಾದರೂ ಬರಲಿಲ್ಲ. ಅಳತೆಗೆ ಇಷ್ಟು ಹೊತ್ತು ಬೇಕಾಗುವಷ್ಟೇನೂ ಅವರು ದಪ್ಪ ಇಲ್ಲ. ಇತ್ತ ನಾನು, ನನ್ನ ಇಡೀ ಬದುಕು ಆ ಡ್ರಾಯರಿನಲ್ಲಿ ಕೊಳೆಯುತ್ತಿದೆ, ಈ ಮನುಷ್ಯನಿಗೆ ಕೋಟಿನ ಚಿಂತೆ ಎಂದು ಒಳಗೇ ಕುದಿಯುತ್ತಿದ್ದೆ.

ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಅವರ ಕೈಬರಹದ ಎರಡು ಹಾಳೆ ಇತ್ತು. ಅವರ ಅಕ್ಷರ ನನಗೊಬ್ಬಳಿಗೇ ಅರ್ಥವಾಗುವುದು, ಬೇರೆಯವರು ನೋಡಿದರೆ ಇರುವೆ ಶಾಯಿಗೆ ಬಿದ್ದು ಓಡಿದೆ ಎಂದುಕೊಳ್ಳಬೇಕು. "ಅರ್ಜೆಂಟು, ಟೈಪ್ ಮಾಡಿ ತನ್ನಿ" ಎಂದು ಒಳಗೆ ಹೋದರು. ಬೆರಳುಗಳು ತಮ್ಮ ಪಾಡಿಗೆ ಓಡಿದವು. ವಿಳಾಸ, ತಾರೀಖು, ಮಾನ್ಯರೇ, ಮೊದಲ ಸಾಲು, ಎರಡನೇ ಸಾಲು. ಮೂರನೇ ಸಾಲಿಗೆ ಬೆರಳು ನಿಂತುಹೋಯಿತು. ಹದಿನೆಂಟು ವರ್ಷದಲ್ಲಿ ಬೆರಳು ನಡುವೆ ನಿಂತದ್ದು ಅದೇ ಮೊದಲು.

'ಮೂರು ವರ್ಷದ ಹಿಂದೆ ನಾನು ಓದದೆ ಸಹಿ ಹಾಕಿದ, ಈಕೆ ಓದದೆ ಬೆರಳಚ್ಚು ಮಾಡಿದ ಒಂದು ನೋಟಿಸು ಒಬ್ಬ ಹೆಣ್ಣುಮಗಳ ದುಡಿಮೆಯ ಜಾಗವನ್ನು ಕಿತ್ತುಕೊಳ್ಳುವುದರಲ್ಲಿತ್ತು. ತಪ್ಪು ಇಬ್ಬರದು. ನಾನು ಕ್ಷಮೆ ಕೇಳಿ ಸುಮ್ಮನಾದೆ. ಈಕೆ ಮೂರು ವರ್ಷದಿಂದ ಓದುವುದನ್ನು ಮೊದಲಿನಿಂದ ಕಲಿಯುತ್ತಿದ್ದಾಳೆ.'

ಮುಂದೆ ಓದಿದೆ. ಟೈಪ್ ಮಾಡಲಿಲ್ಲ, ಓದಿದೆ.

'ಈಕೆ ಕೋಪ ಮಾಡಿಕೊಳ್ಳುತ್ತಾಳೆ, ಪುಸ್ತಕ ಮುಚ್ಚಿ ಎದ್ದು ಹೋಗುತ್ತಾಳೆ, ಆದರೆ ಬಾಗಿಲು ದಾಟುವುದಿಲ್ಲ. ತಿರುಗಿ ಬಂದು ಅದೇ ಸ್ಟೂಲಿನ ಮೇಲೆ ಕೂತು, ಗೊತ್ತಾಗಲಿಲ್ಲ, ಇನ್ನೊಂದು ಸಲ ಓದುತ್ತೇನೆ ಎನ್ನುತ್ತಾಳೆ. ಹೀಗೆಂದವರು ಈಕೆಯ ಅತ್ತೆ. ಬಂಧುಗಳ ಪತ್ರ ಸ್ವೀಕರಿಸುವುದಿಲ್ಲ ಎಂಬುದು ನಿಮ್ಮ ನಿಯಮ. ಅವರು ನನ್ನ ಕೋಟಿಗೆ ಸೂಜಿ ಚುಚ್ಚುತ್ತ ಹೇಳಿದ್ದನ್ನು ನಾನು ಬರೆದುಕೊಂಡಿದ್ದೇನೆ, ಓದಿದ್ದೇನೆ, ನಿಜವೆಂದು ಬಲ್ಲೆ, ಸಹಿ ಹಾಕಿದ್ದೇನೆ.'

ಕಣ್ಣು ಮಂಜಾಗಿ ಪರದೆಯೇ ಕಾಣದಾಯಿತು. ಅರ್ಧ ಪುಟದಲ್ಲಿ ಹನ್ನೊಂದು ತಪ್ಪು ಹೊಡೆದೆ, ನಾನು! ಹೇಗೋ ತಿದ್ದಿ, ಮುದ್ರಿಸಿ ಒಯ್ದೆ. ಕೆಳಗಿನ ಎಡ ಮೂಲೆಯನ್ನು ಖಾಲಿ ಬಿಟ್ಟಿದ್ದೆ. ಸಾರ್ ಬೆರಳಿಟ್ಟು ತೋರಿಸಿದರು.

"ನಿಮ್ಮ ಎರಡಕ್ಷರ ಎಲ್ಲಿ?"

"ನನ್ನ ಬಗ್ಗೆನೇ ಇರೋ ಪತ್ರ ಸಾರ್, ಚೆನ್ನಾಗಿರಲ್ಲ."

"ಓದಿ ಟೈಪ್ ಮಾಡಿದ್ರಾ?"

"ಓದ್ದೆ ಸಾರ್."

"ಹಾಗಾದ್ರೆ ಹಾಕಿ."

ಹಾಕಿದೆ. ಪರೀಕ್ಷೆ ಮುಂದಿನ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಹಳೆಯ ಸೇತುವೆಯೊಂದನ್ನು ಕೆಡವಬೇಕೋ ಬೇಡವೋ ಎಂಬ ಬಗ್ಗೆ ಎರಡು ಪುಟ ಕೊಟ್ಟಿದ್ದರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಪ್ರತಿ ಭಾಗ ಮುಗಿದಾಗಲೂ ಕಿವಿಯಲ್ಲಿ ಮಷೀನು ನಿಂತು, 'ಅಂದ್ರೆ?' ಎಂದಿತು. ಹಾಲಿನಲ್ಲಿ ಕೊನೆಗೆ ಉಳಿದವಳು ನಾನೊಬ್ಬಳೇ. ಮೇಲ್ವಿಚಾರಕರು ಗಡಿಯಾರ ನೋಡುತ್ತ ನಿಂತಿದ್ದರು. ಅದಕ್ಕೂ ನಾಚಿಕೆಯಾಗಲಿಲ್ಲ.

ಆರು ವಾರದ ಮೇಲೆ ಕಾಗದ ಬಂತು. ಅಂಚೆಯವರು ಅದನ್ನು ಅಂಗಡಿಗೇ ತಂದು ಕೊಟ್ಟಿದ್ದರು. ಅತ್ತೆ ಒಡೆದಿರಲಿಲ್ಲ. ನಾನು ಹೋಗುವ ಹೊತ್ತಿಗೆ ಲಕೋಟೆ ಮಷೀನಿನ ಮೇಲಿತ್ತು, ಅವರ ಕೈ ಅದರ ಮೇಲಿತ್ತು.

"ಓದು" ಎಂದರು.

ಗಟ್ಟಿಯಾಗಿ ಓದಿದೆ. 'ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿ...' ಎರಡು ಕಡೆ ತಡವರಿಸಿದೆ. ಮುಗಿಸಿದೆ.

"ಅಂದ್ರೆ?"

"ಅಂದ್ರೆ ಸೀಟು ಸಿಕ್ತು ಅತ್ತೆ."

"ಹೂಂ."

"ಅಂದ್ರೆ, ನಿಮ್ಮಿಂದ ಸಿಕ್ತು."

ಅತ್ತೆ ಕಾಗದವನ್ನು ಈಸಿಕೊಂಡರು. ಬೆರಳಿಟ್ಟು, ಒಂದೊಂದೇ ಪದ, ಮೇಲಿನಿಂದ ಕೆಳಗಿನ ತನಕ ಓದಿದರು. ಎಡ ಮೂಲೆಯನ್ನೂ ಬಿಡಲಿಲ್ಲ.

"ಹಾಗಂತ ಇದ್ರಲ್ಲಿ ಎಲ್ಲೂ ಬರೆದಿಲ್ಲ" ಎಂದರು.

"ಬರೆದಿಲ್ಲ. ಆದ್ರೂ ಅದೇ ಇರೋದು ಅದ್ರಲ್ಲಿ."

ಅತ್ತೆ ಡಬ್ಬಿಯಿಂದ ನಾಲ್ಕು ಗುಂಡುಸೂಜಿ ತೆಗೆದು ಬಾಯಿಗಿಟ್ಟುಕೊಂಡು, ಮಷೀನಿನ ಕಡೆ ತಿರುಗಿ ಕೂತರು. ಮುಂದೆ ಹೊಲಿಯಲು ಬಟ್ಟೆಯೇ ಇರಲಿಲ್ಲ.